ಬಣ್ಣ ಬಿಟ್ಟ ನೀರು

ಹಾಲು ಹಾಕಿ ಬದುಕಿದವನಿಗೆ ಹಿಮದ ಪಾಠ ಹೇಳಲು ಯಾರೂ ಹೋಗಬಾರದು. ಡೆರೆಕ್ ಹಿಂಚ್ಲಿಫ್ ಮದುವೆಗೆ ಮೊದಲಿನಿಂದ ಹಿಡಿದು ಮಂಡಿ ಸವೆಯುವ ತನಕ ಶೆಫೀಲ್ಡಿನ ಏರುಬೀದಿಗಳಲ್ಲಿ ಬ್ಯಾಟರಿ ಗಾಡಿ ಓಡಿಸಿ, ಮನೆಮನೆಯ ಮೆಟ್ಟಿಲ ಮೇಲೆ ಹಾಲಿನ ಸೀಸೆ ಇಟ್ಟು ಬಂದವನು. ಜನವರಿಯಲ್ಲಿ ಸೀಸೆಯೊಳಗಿನ ಹಾಲು ಹೆಪ್ಪುಗಟ್ಟಿ, ಉಬ್ಬಿ, ತಗಡಿನ ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಬೆರಳುದ್ದ ಮೇಲೆದ್ದು ನಿಲ್ಲುವುದನ್ನು ಅವನು ಎಷ್ಟು ಸಲ ನೋಡಿದ್ದನೋ. ಕೆಲವು ಸೀಸೆಗಳು ಕೈಗೆತ್ತಿಕೊಂಡ ಕೂಡಲೇ ಟಪ್ಪೆಂದು ಎರಡಾಗುತ್ತಿದ್ದವು. ಗಿರಾಕಿಗಳು ಹಿಮವನ್ನು ಬೈಯುತ್ತಿರಲಿಲ್ಲ, ಇವನನ್ನು ಬೈಯುತ್ತಿದ್ದರು. ಹಾಗಾಗಿ ಅವನಿಗೂ ಹಿಮಕ್ಕೂ ಹಳೆಯ ಹಗೆ.

"ಹಿಮದ ಬುದ್ಧಿ ನಂಗೊತ್ತು ಕಣೇ. ನೀರು ಎಲ್ಲಿದ್ರೂ ವಾಸನೆ ಹಿಡ್ಕೊಂಡು ಬರುತ್ತೆ" ಎಂದು ಹೆಂಡತಿ ನೋರೀನಳಿಗೆ ಹೇಳುತ್ತಿದ್ದ. ಅವಳು, "ಹೂಂ, ಹೂಂ, ನೀನೊಬ್ನೇ ಚಳೀಲಿ ಹುಟ್ಟಿದ್ದು, ನಾವೆಲ್ಲ ಒಲೆ ಒಳಗಿಂದ ಬಂದಿದ್ದೀವಿ" ಎನ್ನುತ್ತಿದ್ದಳು. ಅವಳ ಬಾಯಿಗೆ ಅವನು ಎಂದೂ ಸಾಟಿಯಾಗಲಿಲ್ಲ.

ಇನ್ನು ಕ್ಯಾರವಾನ್ ಇಟ್ಟುಕೊಂಡ ಜನರ ಹುಚ್ಚು ಶತ್ರುವಿಗೂ ಬೇಡ. ಊರಲ್ಲಿ ಇಟ್ಟಿಗೆಯ ಗಟ್ಟಿಮುಟ್ಟಾದ ಮನೆಯಿರುತ್ತದೆ. ಅದಕ್ಕೆ ಬೀಗ ಹಾಕಿ, ವಿದರ್ನ್ಸೀ ಊರಿನ ಆಚೆ ಸಮುದ್ರದ ದಿಣ್ಣೆಯ ಮೇಲೆ ಗಾಳಿಗೆ ಗಡಗಡ ಅಲುಗುವ ತಗಡಿನ ಗೂಡಿನಲ್ಲಿ ಮಲಗಲು ಜೀವ ಬಿಡುತ್ತಾರೆ. ಗೂಡಿಗೆ ಚಕ್ರವಿರುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಚಳಿಗಾಲ ಬಂತೆಂದರೆ ಈ ಗೂಡುಗಳಿಗೆ ಜಾಗ ಕೊಟ್ಟ ಪಾರ್ಕಿನವರು ಎಲ್ಲರನ್ನೂ ಸಾಗಹಾಕಿ ಗೇಟು ಮುಚ್ಚುತ್ತಾರೆ. ಹೊರಡುವ ಮೊದಲು ಎಲ್ಲರೂ ತಮ್ಮ ತಮ್ಮ ಗೂಡಿನ ನೀರನ್ನು ಪೂರಾ ಬಸಿದು ಹೋಗಬೇಕು. ಪೈಪಿನ ಮೂಲೆಯಲ್ಲಿ ಒಂದು ಲೋಟ ನೀರು ಉಳಿದರೂ ಸಾಕು, ಜನವರಿ ಅದನ್ನು ಹೆಪ್ಪುಗಟ್ಟಿಸಿ ಪೈಪನ್ನು ಸೀಳಿಬಿಡುತ್ತದೆ. ಮತ್ತೆ ಗೇಟು ತೆರೆಯುವುದು ಮಾರ್ಚ್ ಒಂದಕ್ಕೆ. ಅಂದು ಬೆಳಕು ಹರಿಯುವಷ್ಟರಲ್ಲಿ ಗೇಟಿನ ಹೊರಗೆ ಕಾರುಗಳ ಸಾಲು ನಿಂತಿರುತ್ತದೆ, ಮದುವೆ ಮನೆಗೆ ಬಂದವರ ಹಾಗೆ.

ಡೆರೆಕ್, ನೋರೀನ್ ಗೂಡಿದ್ದ ಸಮುದ್ರದ ಕಡೆಯ ಸಾಲಿನವರದು ಅಂದಿಗೊಂದು ಪದ್ಧತಿ. ಯಾರ ಕೆಟಲ್ ಮೊದಲು ಕುದಿಯುತ್ತದೋ ಅವರು ಕಿಟಕಿ ತೆರೆದು ಬಾಣಲೆಯನ್ನು ಚಮಚದಿಂದ ಬಡಿಯಬೇಕು. ಸಾಲಿನವರೆಲ್ಲ ಕಪ್ಪು ಹಿಡಿದು ಅವರ ಮೆಟ್ಟಿಲ ಬಳಿ ಬಂದು ಚಹಾ ಹಾಕಿಸಿಕೊಳ್ಳಬೇಕು. ಅದನ್ನು ಮೊದಲ ಚಹಾ ಎನ್ನುತ್ತಿದ್ದರು. ಗೆದ್ದವರಿಗೆ ಬರುವುದೇನು? ಪುಕ್ಕಟೆ ಎಲ್ಲರಿಗೂ ಚಹಾ ಕುಡಿಸುವ ಭಾಗ್ಯ. ಆದರೂ ಅದಕ್ಕಾಗಿ ವಯಸ್ಸಾದ ಗಂಡಸರು ಗ್ಯಾಸ್ ಸಿಲಿಂಡರಿನ ಮುಂದೆ ಎಡವಿ ಬೀಳುತ್ತಿದ್ದರು. ಹೆಚ್ಚಿನ ವರ್ಷ ಗೆಲ್ಲುತ್ತಿದ್ದವಳು ನೋರೀನ್. ಪಕ್ಕದ ಗೂಡಿನ ಟ್ರೆವರ್, ನಿವೃತ್ತ ಬಸ್ ಚಾಲಕ, ಪ್ರತಿಸಲ ಅದೇ ರಾಗ ಎಳೆಯುತ್ತಿದ್ದ:

"ನೋರೀನ್, ನೀನು ಫ್ಲಾಸ್ಕಲ್ಲಿ ಬಿಸಿನೀರು ಕದ್ದು ತರ್ತೀಯ. ನಂಗೆಲ್ಲಾ ಗೊತ್ತು!"

"ಸೋತವರಿಗೆ ಬಾಯಿ ಜಾಸ್ತಿ. ಕಪ್ಪು ಹಿಡಿ, ಹಲ್ಲು ಕಿಸೀಬೇಡ."

ನೋರೀನ್ ಹದಿನೈದಕ್ಕೇ ಚಮಚ-ಫೋರ್ಕುಗಳಿಗೆ ಮೆರುಗು ಕೊಡುವ ಕಾರ್ಖಾನೆ ಸೇರಿದವಳು. ತಲೆಗೆ ಕೆಂಪು ಬಟ್ಟೆ, ಮೈಗೆ ಕಂದು ಕಾಗದ ಸುತ್ತಿಕೊಂಡು, ಗಿರ್ರನೆ ತಿರುಗುವ ಚಕ್ರದ ಮುಂದೆ ದಿನವಿಡೀ ನಿಲ್ಲಬೇಕು. ಬೆಳಗಿನ ಜಾವ ಕಾರ್ಖಾನೆಯ ಗೇಟಿಗೆ ಹಾಲಿನ ಗಾಡಿ ಬಂದಾಗ, "ಏ ಹಾಲಿನವ್ನೇ, ಮೊಸರಾಗೋ ಮುಂಚೆ ಕೊಡ್ತೀಯೋ ಇಲ್ವೋ" ಎಂದು ಕೂಗಿದ ಕೆಂಪು ಬಟ್ಟೆಯ ಹುಡುಗಿಯನ್ನೇ ಡೆರೆಕ್ ಮದುವೆಯಾದದ್ದು. ಅವಳು ಉಜ್ಜಿದ ಚಮಚಗಳು ಯಾರ್ಯಾರದೋ ಊಟದ ಮೇಜಿನ ಮೇಲೆ ಹೊಳೆದವು. ಧೂಳು ಮಾತ್ರ ಅವಳ ಎದೆಯಲ್ಲೇ ಉಳಿಯಿತು. ಅರವತ್ತು ದಾಟಿದ ಮೇಲೆ ಅದು ತನ್ನ ಲೆಕ್ಕ ಕೇಳತೊಡಗಿತು. ಮೊದಲು ಏರು ಹತ್ತುವಾಗ ಏದುಸಿರು, ಆಮೇಲೆ ಮಾತಾಡುವಾಗ, ಆಮೇಲೆ ಸುಮ್ಮನೆ ಕೂತಾಗಲೂ. ಕೊನೆಗೆ ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಒಳಗಿದ್ದರೆ ಕರೆಂಟಿನ ಉಸಿರಿನ ಯಂತ್ರ, ಹೊರಗೆ ಹೋದರೆ ಸಿಲಿಂಡರು.

ಆಮ್ಲಜನಕ ಬಂದ ಮೇಲೆ ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಹೇಳಿದರು: ಅವಳಿರುವ ಕೋಣೆಯಲ್ಲಿ ಬೆಂಕಿ ಉರಿಯಬಾರದು. ಸಾಲಿನ ಗೂಡುಗಳೆಲ್ಲ ಹಳೆಯವು, ಎಲ್ಲದರಲ್ಲೂ ಗೋಡೆಯಲ್ಲಿ ಬಯಲಾಗಿ ಉರಿಯುವ ಗ್ಯಾಸ್ ಒಲೆ. ಡೆರೆಕ್‌ನದೂ ಹಾಗೇ ಇತ್ತು. ಅವನು ಆ ಗೂಡನ್ನೇ ಕೊಟ್ಟು, ರೇಡಿಯೇಟರು ಇರುವ ಬೇರೊಂದನ್ನು ಅದೇ ಜಾಗಕ್ಕೆ ತರಿಸಿದ. ಇದರಲ್ಲಿ ಬೆಂಕಿ ಉರಿಯುವುದು ಗಾಳಿಯಾಡದಂತೆ ಮುಚ್ಚಿದ ಬಾಯ್ಲರಿನೊಳಗೆ; ಬಿಸಿನೀರು ಪೈಪುಗಳಲ್ಲಿ ಸುತ್ತಿ ಪ್ರತಿ ಕೋಣೆಯ ರೇಡಿಯೇಟರನ್ನೂ ಬೆಚ್ಚಗಿಡುತ್ತದೆ. ಚಹಾಕ್ಕೆ ಕರೆಂಟಿನ ಕೆಟಲ್. ಇಡೀ ಸಾಲಿನಲ್ಲಿ ನೋರೀನ್ ಉಸಿರಾಡಬಹುದಾದ ಗೂಡು ಅದೊಂದೇ.

ಪಾರ್ಕಿನ ರಿಪೇರಿಯ ಲೆಸ್ ಬಾಯ್ಲರ್ ಜೋಡಿಸಿದವನು. ಅವನು ಪೈಪುಗಳಿಗೆ ಗುಲಾಬಿ ಬಣ್ಣದ ದ್ರವವೊಂದನ್ನು ನೀರಿನ ಜೊತೆ ಬೆರೆಸಿ ತುಂಬಿದ. ನೀರು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ಅದು.

"ನಲ್ಲಿ ನೀರು ಬೇರೆ, ಈ ನೀರು ಬೇರೆ, ತಿಳೀತಾ ಡೆರೆಕ್? ಚಳಿಗಾಲಕ್ಕೆ ನಲ್ಲಿ ನೀರು ಬಸೀರಿ. ಇದನ್ನ ಬಸಿಯೋ ಹಾಗಿಲ್ಲ. ಇದು ಒಳಗೇ ಇರುತ್ತೆ, ತನ್ನನ್ನ ತಾನೇ ಕಾಯ್ಕೊಳ್ಳುತ್ತೆ. ಐದು ವರ್ಷ ಇದರ ಯೋಚ್ನೆ ಬೇಡ."

ಡೆರೆಕ್ ಆ ಕೊನೆಯ ಮಾತನ್ನು ಗಂಟು ಹಾಕಿಟ್ಟುಕೊಂಡ.

ಆ ಬೇಸಿಗೆ ನೋರೀನಳಿಗೆ ಜೂನ್‌ನಲ್ಲೂ ಚಳಿ. ಪಕ್ಕದವರು ಅರೆತೋಳಿನ ಅಂಗಿ ಹಾಕಿಕೊಂಡು ಹೊರಗೆ ಕುರ್ಚಿಯಲ್ಲಿ ಬಿದ್ದುಕೊಂಡಿದ್ದರೆ ಅವಳು ಕಿಟಕಿಯೊಳಗೆ ಎರಡು ಸ್ವೆಟರು ತೊಟ್ಟು, ರೇಡಿಯೇಟರಿಗೆ ಬೆನ್ನು ಕೊಟ್ಟು ಸಮುದ್ರ ನೋಡುತ್ತಿದ್ದಳು. ಬಾಯ್ಲರ್ ಹಗಲೂ ಇರುಳೂ ಗುರುಗುಟ್ಟುತ್ತಿತ್ತು. ಒಂದು ದಿನ ಅದು ನಿಂತುಹೋಯಿತು. ಡೆರೆಕ್ ಹೋಗಿ ನೋಡಿದರೆ ಅದರ ಮುಖದ ಮೇಲಿನ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಕೆಂಪು ಗೆರೆಗೆ ಬಿದ್ದಿತ್ತು. ಎಲ್ಲೋ ನೀರು ಸೋರಿ ಒತ್ತಡ ಇಳಿದಿದೆ. ಹುಡುಕಿದಾಗ ಮಲಗುವ ಕೋಣೆಯ ರೇಡಿಯೇಟರಿನ ತಿರುಪಿನಿಂದ ತೊಟ್ಟಿಕ್ಕುತ್ತಿದ್ದುದು ಸಿಕ್ಕಿತು. ಅಬ್ಬಾ, ಇಷ್ಟೇನಾ ಎಂದುಕೊಂಡ. ಅದರಡಿ ಐಸ್‌ಕ್ರೀಮಿನ ಖಾಲಿ ಡಬ್ಬಿ ಇಟ್ಟ. ಬಾಯ್ಲರಿನ ಕೆಳಗೆ ನಲ್ಲಿ ನೀರನ್ನು ಪೈಪಿಗೆ ಬಿಡುವ ಪುಟ್ಟ ತಿರುಪಿತ್ತು. ಅದನ್ನು ತಿರುಗಿಸಿದ ಕೂಡಲೇ ಸುಯ್ಯೆಂದು ಮುಳ್ಳು ಮೇಲೆದ್ದಿತು, ಬಾಯ್ಲರ್ ಮತ್ತೆ ಗುರುಗುಟ್ಟಿತು.

"ಲೆಸ್‌ನ ಕರಿಯೋ" ಎಂದಳು ನೋರೀನ್.

"ಕರೆದ್ರೆ ರೇಡಿಯೇಟರ್ ಕಿತ್ತು ಹಾಕ್ತಾನೆ. ಮೂರು ದಿನ ನೀನು ಚಳೀಲಿ ಕೂತಿರ್ತೀಯಾ? ಒಂದು ತೊಟ್ಟು ನೀರಿಗೆ ಮೇಸ್ತ್ರಿ ಬೇಕಾ?"

ಅಯ್ಯೋ, ಈ ಗಂಡಸರ ಜಂಬ! ಆದರೆ ಬರೀ ಜಂಬ ಎನ್ನುವಂತೆಯೂ ಇಲ್ಲ. ಅವಳು ನಡುಗುವುದನ್ನು ಒಂದು ಗಳಿಗೆಯೂ ನೋಡಲಾರದವನು ಅವನು. ಹೀಗಾಗಿ ಬೇಸಿಗೆ ಪೂರ್ತಿ ಅದೇ ಕೆಲಸವಾಯಿತು. ಮುಳ್ಳು ಇಳಿಯುವುದು, ಇವನು ಹೋಗಿ ನೀರು ಬಿಡುವುದು. ಬೆಳಿಗ್ಗೆ ಎದ್ದರೆ ಚಹಾಕ್ಕಿಂತ ಮೊದಲು ಬಾಯ್ಲರಿನ ಮುಖ ನೋಡುವುದು. ಡಬ್ಬಿ ತುಂಬಿದರೆ ಹೊರಗೆ ಚೆಲ್ಲುವುದು. ಮಗುವಿಗೆ ಹಾಲು ಕುಡಿಸಿದಷ್ಟು ಸಮಾಧಾನ ಅವನಿಗೆ ಅದರಲ್ಲಿ. ಹೆಂಡತಿಯ ಎದೆಗೆ ಗಾಳಿ ತುಂಬುವುದು ಅವನ ಕೈಯಲ್ಲಿರಲಿಲ್ಲ. ಈ ಮುಳ್ಳನ್ನು ಮೇಲೆತ್ತುವುದಾದರೂ ಇತ್ತಲ್ಲ.

ಮೊದಮೊದಲು ಡಬ್ಬಿಯಲ್ಲಿ ಬೀಳುತ್ತಿದ್ದ ಹನಿ ಒಳ್ಳೇ ಗುಲಾಬಿ ಬಣ್ಣದ್ದು. "ಚೆಲ್ಲಬೇಡ ಕಣೋ, ನನ್ನ ಜಿನ್‌ಗೆ ಬೆರೆಸ್ಕೋತೀನಿ" ಎಂದು ನೋರೀನ್ ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು. ಆಗಸ್ಟಿನಲ್ಲಿ ಅದು ತೆಳುವಾಯಿತು. ಸೆಪ್ಟೆಂಬರಿನಲ್ಲಿ ಡಬ್ಬಿಯ ತಳ ಕಾಣುವಷ್ಟು ತಿಳಿಯಾಯಿತು.

"ಬಣ್ಣ ಎಲ್ಲಿ ಹೋಯ್ತೋ ಇದರದ್ದು?" ಎಂದು ಅವಳು ಹಾಸಿಗೆಯಿಂದ ಬಗ್ಗಿ ನೋಡಿ ಕೇಳಿದ್ದಳು.

"ಹೊಸ ಬಟ್ಟೆ ಬಣ್ಣ ಬಿಡಲ್ವಾ? ಹಾಗೇ. ಈಗ ಶುದ್ಧವಾಯ್ತು, ಒಳ್ಳೇದೇ ಆಯ್ತು."

ಅವಳು ತಲೆಯಾಡಿಸಿ ಮಲಗಿದಳು. ಅವನಿಗೆ ತಾನು ಹೇಳಿದ್ದು ಸರಿಯೆಂದೇ ಅನ್ನಿಸಿತು.

ಪಾರ್ಕು ಮುಚ್ಚುವ ವಾರ ಬಂತು. ಮೊದಲೆಲ್ಲ ನೀರು ಬಸಿಯುವುದು ಇಬ್ಬರ ಕೆಲಸ. ಅವನು ಗೂಡಿನ ಕೆಳಗೆ ತೆವಳಿಕೊಂಡು ಹೋಗಿ ಬಸಿಯುವ ತಿರುಪು ತೆರೆದು, ಮೇಲಕ್ಕೆ ಗುದ್ದುತ್ತಿದ್ದ. ಅವಳು ಒಳಗಿನ ನಲ್ಲಿಗಳನ್ನೆಲ್ಲ ತೆರೆದು, ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದಳು. "ಕಿವುಡಾ, ಕೇಳಿಸ್ತಾ?" ಎಂದು ಕೂಗಿದರೆ ಇಡೀ ಸಾಲಿಗೆ ಕೇಳಿಸುತ್ತಿತ್ತು. ಈ ಸಲ ಅವಳು ಕಾರಿನಲ್ಲಿ ಕೂತಿದ್ದಳು, ಕಾಲ ಬಳಿ ಆಮ್ಲಜನಕದ ಸಿಲಿಂಡರು, ಮಡಿಲಲ್ಲಿ ಬಿಸಿನೀರಿನ ಚೀಲ. ಡೆರೆಕ್ ಒಬ್ಬನೇ ಕೆಳಗೆ ನುಗ್ಗಿ, ಎದ್ದು, ಒಳಗೆ ಓಡಿ, ಮತ್ತೆ ಕೆಳಗೆ ನುಗ್ಗಿದ. ಎಲ್ಲ ನಲ್ಲಿ ತೆರೆದ. ಸ್ನಾನದ ಷವರಿನ ತಲೆ ಬಿಚ್ಚಿ ಕೆಳಗೆ ಮಲಗಿಸಿದ. ಸಿಂಕಿನ ತೂತಿಗೆ, ಕಕ್ಕಸಿನ ಗುಂಡಿಗೆ ಉಪ್ಪು ಸುರಿದ. ಪೈಪಿಗೆ ಬಾಯಿಟ್ಟು ಕೆನ್ನೆ ನೋಯುವ ತನಕ ಊದಿದ. ತೇವ ಹೀರಲೆಂದು ಮೂಲೆಮೂಲೆಗೆ ಬಟ್ಟಲಿನಲ್ಲಿ ಉಪ್ಪಿಟ್ಟ. ಸೋಫಾದ ದಿಂಬುಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದ. ಫ್ರಿಜ್ಜಿನ ಬಾಗಿಲಿಗೆ ಬಟ್ಟೆಯುಂಡೆ ಸಿಕ್ಕಿಸಿದ. ಎಲ್ಲ ಮುಗಿಸಿ, ಮತ್ತೆ ಮೊದಲಿಂದ ಎಲ್ಲವನ್ನೂ ಮುಟ್ಟಿ ನೋಡಿದ. ಇಷ್ಟು ಅಚ್ಚುಕಟ್ಟಾಗಿ ಅವನು ಯಾವ ವರ್ಷವೂ ಮಾಡಿರಲಿಲ್ಲ.

ಆಗಲೇ ಲೆಸ್ ಬಂದದ್ದು. ಕೈಯಲ್ಲಿ ಬೆರಳು ಗಾತ್ರದ ಗಾಜಿನ ಕೊಳವೆ. ಅದರ ಮೇಲೆ ರೇಡಿಯೇಟರಿನ ನೀರಿನ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಆಂಟಿಫ್ರೀಜ್ ಎಷ್ಟಿದೆ ಎಂದು ಗೊತ್ತಾಗುತ್ತದೆ.

"ಡೆರೆಕ್, ಒಂದು ಹನಿ ತೆಗೆದು ನೋಡ್ಲಾ? ಎರಡೇ ನಿಮಿಷ."

"ಐದು ವರ್ಷ ಮುಟ್ಟಬೇಡ ಅಂದೋನು ನೀನೇ ತಾನೆ?"

"ಅಂದೆ. ಆದ್ರೂ..."

ಕಾರಿನೊಳಗೆ ನೋರೀನ್ ಕೆಮ್ಮಲು ಶುರು ಮಾಡಿದ್ದಳು. ಗಾಜಿನ ಮೇಲೆ ಅವಳ ಅಂಗೈ ಒತ್ತಿಕೊಂಡಿತ್ತು. ಡೆರೆಕ್‌ನ ಜೀವ ಅಲ್ಲಿತ್ತು.

"ಆ ನೀರು ಗಾಜಿನ ಹಾಗೆ ತಿಳಿಯಾಗಿದೆ ಮಾರಾಯ, ಏನೂ ಆಗಲ್ಲ. ಅವಳಿಗೆ ಚಳಿಯಾಗ್ತಿದೆ, ನಾನು ಹೊರಟೆ" ಎಂದು ಬಾಗಿಲಿಗೆ ಬೀಗ ಜಡಿದ. ಗಾಳಿ ಜೋರಾಗಿತ್ತು, ಲೆಸ್‌ಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಅವನು ಕೈ ಬೀಸಿ ಮುಂದಿನ ಗೂಡಿಗೆ ಹೋದ.

ಜನವರಿಯಲ್ಲಿ ನೋರೀನ್ ಆಸ್ಪತ್ರೆ ಸೇರಿದಳು. ಅದೇ ವಾರ ಹಿಮವೂ ಬಿತ್ತು, ಹುಡುಗಾಟದ ಹಿಮವಲ್ಲ. ಶೆಫೀಲ್ಡಿನ ಬೀದಿಯಲ್ಲಿ ಕಾರುಗಳ ಬಾಗಿಲು ಅಂಟಿಕೊಂಡವು, ಹಿತ್ತಲಿನ ಬಕೆಟ್ಟು ತಳ ಬಿಟ್ಟಿತು. ಡೆರೆಕ್ ಅವಳ ಹಾಸಿಗೆಯ ಪಕ್ಕ ಕೂತು, "ಕೊರೀಲಿ ಬಿಡು. ಒಂದು ತೊಟ್ಟು ನೀರೂ ಬಿಟ್ಟಿಲ್ಲ ನಾನು. ಅಲ್ಲಿ ಅದಕ್ಕೆ ಕಚ್ಚೋಕೆ ಏನೂ ಸಿಗಲ್ಲ" ಎಂದ. ಹಿಮವನ್ನು ಕೊನೆಗೂ ಸೋಲಿಸಿದೆನೆಂಬ ಖುಷಿ ಅವನ ಮುಖದಲ್ಲಿತ್ತು.

ವಾರ್ಡಿನ ನರ್ಸ್ ಕಾರ್ಮೆಲ್ ಸುತ್ತಿಬಳಸಿ ಮಾತಾಡುವವಳಲ್ಲ. ಇನ್ನು ಆಸ್ಪತ್ರೆಯಿಂದ ಆಗಬೇಕಾದದ್ದು ಹೆಚ್ಚೇನೂ ಇಲ್ಲ, ಉಳಿದ ದಿನ ಎಲ್ಲಿ ಕಳೆಯಬೇಕೆಂದಿದ್ದೀರಿ ಎಂದು ನೋರೀನಳನ್ನೇ ಕೇಳಿದಳು. ನೋರೀನ್ ಯೋಚಿಸಲೂ ಇಲ್ಲ.

"ಸಮುದ್ರದ ಹತ್ರ. ನನ್ನ ಕ್ಯಾರವಾನ್‌ನಲ್ಲಿ. ಅಲ್ಲೇ ಸಾಯ್ತೀನಿ. ಈ ಸೀಲಿಂಗ್ ನೋಡ್ತಾ ಸಾಯಲ್ಲ."

"ಚಳಿಗಾಲದಲ್ಲಿ ಕ್ಯಾರವಾನಾ?"

"ಮಾರ್ಚ್ ಒಂದಕ್ಕೆ ತೆಗೀತಾರೆ. ಅಲ್ಲೀವರೆಗೂ ನನ್ನ ಹಿಡ್ಕೊಂಡಿರೋದು ನಿನ್ನ ಕೆಲಸ."

ಕಾರ್ಮೆಲ್ ಆ ಕಡೆಯ ನರ್ಸುಗಳ ಜೊತೆ ಮಾತಾಡಿದಳು. ದಿನಕ್ಕೆ ಎರಡು ಸಲ ಬಂದು ನೋಡಲು ಅವರು ಒಪ್ಪಿದರು. ಷರತ್ತು ಒಂದೇ, ಅದನ್ನು ಕಾರ್ಮೆಲ್ ಡೆರೆಕ್‌ನನ್ನು ಹೊರಗೆ ಕರೆದು ಹೇಳಿದಳು: "ಬೆಚ್ಚಗಿರಬೇಕು. ಹಗಲೂ ರಾತ್ರಿ. ಆ ಎದೆಗೆ ತಣ್ಣನೆ ಗಾಳಿ ಹೊಕ್ಕರೆ ಮುಗೀತು. ಬೆಚ್ಚಗಿಲ್ಲ ಅಂದ್ರೆ ಅದೇ ದಿನ ವಾಪಸ್ ಕರ್ಕೊಂಡು ಬರ್ಬೇಕು, ಒಪ್ಪಿಗೆನಾ?"

"ಬೇಸಿಗೇಲೇ ಅವಳನ್ನ ಬೇಯಿಸಿದೋನು ನಾನು" ಎಂದ ಡೆರೆಕ್.

ನೋರೀನ್ ಫೆಬ್ರವರಿಯನ್ನು ಹಲ್ಲು ಕಚ್ಚಿ ದಾಟಿದಳು. ಗಂಜಿಯಂಥ ಊಟವನ್ನು ಮೂಗು ಮುರಿಯುತ್ತಲೇ ನುಂಗಿದಳು. ಒಂದು ಬೆಳಿಗ್ಗೆ ಕಣ್ಣು ಬಿಡದೆ ಎಲ್ಲರಿಗೂ ಗಾಬರಿ ಹುಟ್ಟಿಸಿ, ಮಧ್ಯಾಹ್ನ ಎದ್ದು, "ಟ್ರೆವರ್ ಮೊದಲ ಚಹಾ ಹೊಡ್ಕೊಂಡು ಹೋಗ್ತಾನೆ ಅಂತ ಕನಸು ಬಿತ್ತು" ಎಂದಳು. ಬದುಕಿಗೆ ಬೇರೇನೂ ಕಾರಣ ಉಳಿದಿರಲಿಲ್ಲ ಅವಳಿಗೆ, ಪಾಪ.

ಮಾರ್ಚ್ ಒಂದು. ಡೆರೆಕ್‌ನ ಕಾರು ಸಾಲಿನ ಮುಂಚೂಣಿಯಲ್ಲೇ ಇತ್ತು. ಗೂಡು ಬೆಚ್ಚಗಾಗುವ ತನಕ ನೋರೀನ್ ಕಾರಿನಲ್ಲೇ ಹೀಟರ್ ಹಾಕಿಕೊಂಡು ಕೂರಬೇಕು, ಆಮೇಲೆ ಒಳಗೆ ಎಂದು ಕಾರ್ಮೆಲ್ ಹೇಳಿ ಕಳಿಸಿದ್ದಳು. ಮಡಿಲಲ್ಲಿ ಬಾಣಲೆ, ಕೈಯಲ್ಲಿ ಚಮಚ. ಅವಳೇ ಉಜ್ಜಿ ಮೆರುಗು ಕೊಟ್ಟ ಹಳೇ ಚಮಚ.

"ಓಡೋ ಮುದುಕಾ, ಟ್ರೆವರ್ ಆಗ್ಲೇ ಇಳಿದ!"

ಡೆರೆಕ್ ಓಡಿದ. ಬೀಗ ತೆಗೆದು ಬಾಗಿಲು ಎಳೆದ. ಮೂಗಿಗೆ ಹಳಸಿದ ವಾಸನೆ ಹೊಡೆಯಿತು. ಒಳಗೆ ಕಾಲಿಟ್ಟರೆ ಜಮಖಾನ ಪಚಕ್ಕೆಂದಿತು.

ಮಲಗುವ ಕೋಣೆಯ ರೇಡಿಯೇಟರು ಬೆಂದ ಆಲೂಗಡ್ಡೆಯ ಹಾಗೆ ಬಿರಿದುಕೊಂಡಿತ್ತು. ಹಜಾರದಲ್ಲಿ ಇನ್ನೊಂದು. ನೆಲದ ಹಲಗೆ ಉಬ್ಬಿ, ಗೋಡೆಯ ಕಾಗದ ಸೊಂಟದೆತ್ತರದವರೆಗೆ ಕಪ್ಪಾಗಿ ಸುಲಿದಿತ್ತು. ಬಾಯ್ಲರಿನ ಬಿಲ್ಲೆಯಲ್ಲಿ ಮುಳ್ಳು ಕೆಂಪು ಗೆರೆಯನ್ನೂ ದಾಟಿ ಕೆಳಗೆ ಬಿದ್ದಿತ್ತು. ಬಟ್ಟಲುಗಳಲ್ಲಿ ಅವನು ಇಟ್ಟ ಉಪ್ಪೆಲ್ಲ ಕರಗಿ ನೀರಾಗಿತ್ತು.

ಲೆಸ್ ಓಡಿ ಬಂದ. ಮೊದಲು ಕರೆಂಟಿನ ಸ್ವಿಚ್ಚು ಇಳಿಸಿದ. "ನೆಲ ಪೂರ್ತಿ ನೆನೆದಿದೆ, ಯಾವುದನ್ನೂ ಮುಟ್ಬೇಡಿ" ಎಂದ. ಆಮೇಲೆ ಒಂದೊಂದೇ ನಲ್ಲಿ, ಷವರು, ಸಿಂಕಿನ ಪೈಪು ನೋಡುತ್ತ ಬಂದ.

"ಇದೇನ್ರೀ, ನಲ್ಲಿ ಒಂದೂ ಒಡೆದಿಲ್ಲ. ನಲ್ಲಿ ನೀರು ಅಚ್ಚುಕಟ್ಟಾಗಿ ಬಸಿದಿದ್ದೀರಿ. ಹೋಗಿರೋದು ಬರೀ ಹೀಟಿಂಗ್. ಹೀಟಿಂಗ್ ಹೋಗ್ಲೇಬಾರ್ದಿತ್ತಲ್ಲ." ಬಿರಿದ ರೇಡಿಯೇಟರಿನ ತಳದಲ್ಲಿ ಉಳಿದಿದ್ದ ನೀರನ್ನು ಬೆರಳಿಂದ ತೆಗೆದು ಆ ಗಾಜಿನ ಕೊಳವೆಗೆ ಹಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಒರೆಸಿ ನೋಡಿದ. "ಡೆರೆಕ್, ಇದ್ರಲ್ಲಿ ಆಂಟಿಫ್ರೀಜೇ ಇಲ್ಲ. ಬರೀ ನೀರು. ನಾನು ತುಂಬಿದ್ದೆಲ್ಲ ಎಲ್ಲಿ ಹೋಯ್ತು? ಎಲ್ಲಾದ್ರೂ ಸೋರ್ತಿತ್ತಾ?"

"ಒಂದು ತೊಟ್ಟು."

"ಮುಳ್ಳು ಇಳಿದಾಗ ನೀರು ಬಿಡ್ತಿದ್ರಾ?"

ಡೆರೆಕ್ ಬಾಯ್ಲರಿನ ಕೆಳಗಿನ ಪುಟ್ಟ ತಿರುಪಿನ ಕಡೆ ನೋಡಿದ.

"ಎಷ್ಟು ಸಲ? ಹನಿ ಯಾವ ಬಣ್ಣ ಇತ್ತು ಡೆರೆಕ್?"

ನೆಲದ ಮೇಲೆ ಐಸ್‌ಕ್ರೀಮಿನ ಡಬ್ಬಿ ಬೋರಲಾಗಿ ಬಿದ್ದಿತ್ತು. ಡೆರೆಕ್ ಅದನ್ನೇ ನೋಡುತ್ತಿದ್ದ. ಬೇಸಿಗೆ ಪೂರ್ತಿ, ದಿನವೂ, ತನ್ನ ಕೈಯಾರೆ ಅವನು ಗುಲಾಬಿ ನೀರನ್ನು ಹೊರಗೆ ಚೆಲ್ಲಿ ನಲ್ಲಿ ನೀರನ್ನು ಒಳಗೆ ಬಿಟ್ಟಿದ್ದ. ಅವಳನ್ನು ಬೆಚ್ಚಗಿಡಲು ತಿರುಗಿಸಿದ ಒಂದೊಂದು ತಿರುವೂ ಈ ಗೂಡನ್ನು ಹಿಮದ ಬಾಯಿಗೆ ಅಷ್ಟಷ್ಟೇ ತಳ್ಳಿತ್ತು. ಸೀಸೆಯಲ್ಲಿ ಹಾಲು ಮುಚ್ಚಳ ಎತ್ತಿ ನಿಲ್ಲುವುದನ್ನು ಜೀವಮಾನವಿಡೀ ನೋಡಿದವನು! ಅವನು ಒದ್ದೆ ಸೋಫಾದ ಅಂಚಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ.

"ಎಷ್ಟು ದಿನ ಬೇಕು ಸರಿಮಾಡೋಕೆ?"

"ನೆಲ ಕೀಳ್ಬೇಕು. ಬಾಯ್ಲರ್ ಒಳಗೆ ಸೀಳಿದೆ. ಈಸ್ಟರ್ ಕಳೀಬೇಕು ಡೆರೆಕ್."

ಈಸ್ಟರ್ ಏಪ್ರಿಲ್‌ನಲ್ಲಿತ್ತು. ನೋರೀನಳ ಬಳಿ ಏಪ್ರಿಲ್ ಇರಲಿಲ್ಲ. ಅದು ಲೆಸ್‌ಗೂ ಗೊತ್ತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ನಿಂತ.

ಟ್ರೆವರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ನಮ್ಮ ಗೂಡಿಗೆ ಕರ್ಕೊಂಡು ಬಾ. ನಾವು ಊರಿಗೆ ಹೋಗ್ತೀವಿ, ಎಷ್ಟು ದಿನ ಬೇಕಾದ್ರೂ ಇರ್ಲಿ."

"ನಿಂದು ಗ್ಯಾಸ್ ಒಲೆ."

"ಹಚ್ಚೋದು ಬೇಡ."

"ಹಚ್ಚದಿದ್ರೆ ಚಳೀಲಿ ಸಾಯ್ತಾಳೆ. ಹಚ್ಚಿದ್ರೆ ಆಮ್ಲಜನಕಕ್ಕೆ ಬೆಂಕಿ ಹತ್ತುತ್ತೆ. ಕರೆಂಟಿನ ಹೀಟರ್ ಇಟ್ರೆ ಅವಳ ಉಸಿರಿನ ಯಂತ್ರದ ಜೊತೆ ಸೇರಿ ಫ್ಯೂಸ್ ಹಾರುತ್ತೆ. ಎಲ್ಲಾ ಯೋಚ್ನೆ ಮಾಡೇ ಇದನ್ನ ತಂದಿದ್ದೆ ಟ್ರೆವರ್. ಎಲ್ಲಾ ಯೋಚ್ನೆ ಮಾಡಿದ್ದೆ."

ಟ್ರೆವರ್ ಮುಖ ಆಚೆ ತಿರುಗಿಸಿದ.

ಹೊರಗೆ ಸಾಲಿನ ಕಿಟಕಿಗಳೆಲ್ಲ ಹಬೆಯಿಂದ ಮಬ್ಬಾಗಿದ್ದವು. ಎಲ್ಲರ ಕೆಟಲ್ಲುಗಳೂ ಆಗಲೇ ಕುದಿದಿದ್ದವು. ಆದರೆ ಬಾಣಲೆಯ ಸದ್ದು ಮಾತ್ರ ಇಲ್ಲ. ಸುದ್ದಿ ಗೂಡಿಂದ ಗೂಡಿಗೆ ದಾಟಿತ್ತು. ಬಡಿಯಲು ಯಾರಿಗೂ ಕೈ ಬರಲಿಲ್ಲ. ಡೆರೆಕ್ ಕಾರಿಗೆ ಬಂದು ಚಾಲಕನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಅವನ ಬೂಟಿನಿಂದ ನೀರಿಳಿಯುತ್ತಿತ್ತು. ನೋರೀನ್ ಅದನ್ನು ನೋಡಿದಳು.

"ಒಡೀತಾ?"

"ಹೂಂ."

"ನೀನು ಎಲ್ಲಾ ಬಸಿದಿದ್ಯಲ್ಲೋ. ನಾನೇ ಇಲ್ಲಿ ಕೂತು ನೋಡಿದ್ನಲ್ಲ."

"ನಲ್ಲಿಗಳೆಲ್ಲ ಚೆನ್ನಾಗಿವೆ. ಹೀಟಿಂಗ್ ಹೋಗಿದೆ."

ಸಿಲಿಂಡರು ಸುಯ್ಯೆನ್ನುತ್ತಿತ್ತು. "ಆ ಗುಲಾಬಿ ನೀರು..." ಎಂದು ಶುರು ಮಾಡಿದವಳು ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಎಲ್ಲ ಅರ್ಥವಾಗಿತ್ತು ಅವಳಿಗೆ. ಜೀವಮಾನದಲ್ಲಿ ಮೊದಲ ಸಲ ನೋರೀನ್ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಯಾಕೆ ಯಾರೂ ಬಡೀತಿಲ್ಲ?" ಎಂದು ಕೇಳಿದಳು, ಕೊನೆಗೆ.

ಟ್ರೆವರ್‌ನ ಹೆಂಡತಿ ಪ್ಯಾಟ್ ಕಾರಿನ ಕಿಟಕಿಯ ಬಳಿ ಬಂದು ನಿಂತಿದ್ದಳು. "ಇನ್ನೂ ಯಾರದ್ದೂ ಕುದ್ದಿಲ್ಲ ನೋರೀನ್, ನಾವು..."

"ಸುಳ್ಳು ಬೊಗಳಬೇಡ. ನಿನ್ನ ಕಿಟಕಿ ಹಬೆ ಕಾಣ್ತಿದೆ ನಂಗೆ. ಏ ಟ್ರೆವರ್! ಇಪ್ಪತ್ತು ವರ್ಷದಿಂದ ಸಾಯ್ತಿದ್ಯಲ್ಲ ಗೆಲ್ಲೋಕೆ, ಬಡಿಯೋ! ನಾನಿನ್ನೂ ಸತ್ತಿಲ್ಲ!" ಅಷ್ಟು ಕೂಗಿದ್ದಕ್ಕೆ ಅವಳ ತುಟಿ ನೀಲಿಯಾಯಿತು. ಮಡಿಲಲ್ಲಿದ್ದ ಬಾಣಲೆಯನ್ನೂ ಚಮಚವನ್ನೂ ಕಿಟಕಿಯಿಂದ ಪ್ಯಾಟ್‌ನ ಕೈಗೆ ತುರುಕಿದಳು.

ಟ್ರೆವರ್ ಅದನ್ನು ಇಸಿದುಕೊಂಡು ಬಡಿದ. ಅಳುತ್ತಲೇ ಬಡಿದ. ಸಾಲಿನವರೆಲ್ಲ ಕಪ್ಪು ಹಿಡಿದು ಅವನ ಮೆಟ್ಟಿಲಿಗೆ ಹೋಗಲಿಲ್ಲ, ಕಾರಿನ ಸುತ್ತ ಬಂದು ನಿಂತರು. ಪ್ಯಾಟ್ ನೋರೀನಳಿಗೆ ಚಹಾ ತಂದುಕೊಟ್ಟಳು. ನೋರೀನ್ ಒಂದು ಗುಟುಕು ಹೀರಿ, "ಇದು ಚಹಾನಾ, ಪಾತ್ರೆ ತೊಳೆದ ನೀರಾ?" ಎಂದಳು. ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಮುಂದಿನ ಗಾಜಿನಾಚೆ ಸಮುದ್ರ ಬೂದು ಬಣ್ಣದಲ್ಲಿ ಹೊರಳಾಡುತ್ತಿತ್ತು. ಒಬ್ಬೊಬ್ಬರಾಗಿ ಜನ ಗಾಜನ್ನು ಮುಟ್ಟಿ ತಮ್ಮ ತಮ್ಮ ಗೂಡಿಗೆ ಹೋದರು. ನೋರೀನ್ ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಸಮುದ್ರವನ್ನೇ ನೋಡುತ್ತಿದ್ದಳು. ಗಾಜಿನ ಅಂಚಿನಿಂದ ಗಾಳಿ ಸಣ್ಣಗೆ ಒಳನುಗ್ಗುತ್ತಿತ್ತು.

"ಚಳಿ ಕಣೋ. ಹೀಟರ್ ಸ್ವಲ್ಪ ಜಾಸ್ತಿ ಮಾಡು."

ಡೆರೆಕ್ ಕೈ ಚಾಚಿ ತಿರುಪು ತಿರುಗಿಸಲು ನೋಡಿದ. ಅದು ಬೆಳಿಗ್ಗೆಯಿಂದಲೂ ಕೊನೆಗೇ ನಿಂತಿತ್ತು. ಆದರೂ ತಿರುಗಿಸಿದವನಂತೆ ಮಾಡಿ, "ಈಗ ಸರಿಯಾಯ್ತಾ?" ಎಂದ.

"ಹೂಂ, ಈಗ ಸರಿ" ಎಂದಳು ಅವಳು, ನಡುಗುತ್ತ.

ಅವನು ಕಾರನ್ನು ಹಿಂದಕ್ಕೆ ತೆಗೆದು ಶೆಫೀಲ್ಡಿನ ದಾರಿ ಹಿಡಿದ. ಅವಳು ತಲೆ ಹೊರಳಿಸಿ, ಸಮುದ್ರ ಮರೆಯಾಗುವ ತನಕ ಹಿಂದೆಯೇ ನೋಡುತ್ತಿದ್ದಳು.

ಅವಳು ಹೋದದ್ದು ಆಸ್ಪತ್ರೆಯ ವಾರ್ಡಿನಲ್ಲಿ, ಅದೇ ಸೀಲಿಂಗಿನ ಕೆಳಗೆ, ಮಾರ್ಚ್ ಇನ್ನೂ ಮುಗಿದಿರಲಿಲ್ಲ. ವಾರ್ಡಿನಲ್ಲಿ ಸೆಕೆ ಹೊಡೆಯುವಷ್ಟು ಬಿಸಿ. ಬಂದವರೆಲ್ಲ ಕೋಟು ಬಿಚ್ಚಿ ಕೈಯಲ್ಲಿ ಹಿಡಿದಿರುತ್ತಿದ್ದರು, ನರ್ಸುಗಳು ಕಿಟಕಿ ಸಂದು ಮಾಡಿಟ್ಟಿರುತ್ತಿದ್ದರು. ಅವಳ ಕಣ್ಣು ಮುಚ್ಚಿ, ಮೂಗಿನ ನಳಿಗೆ ತೆಗೆದ ಮೇಲೆ ಡೆರೆಕ್ ಎದ್ದು ಕಿಟಕಿಯ ಕೆಳಗಿನ ದೊಡ್ಡ ರೇಡಿಯೇಟರಿನ ಬಳಿ ಹೋದ. ಅದರ ಮೇಲೆ ಅಂಗೈ ಊರಿದ. ಅದು ಸುಡುತ್ತಿತ್ತು, ಅವನು ಕೈ ತೆಗೆಯಲಿಲ್ಲ. ಆಮೇಲೆ ಮಂಡಿಯೂರಿ, ತಿರುಪಿನ ಅಡಿಗೆ ಬೆರಳು ಹಾಕಿ ಸವರಿ ನೋಡಿದ. ಒಣಗಿತ್ತು.

ಕಾರ್ಮೆಲ್ ಹಿಂದಿನಿಂದ ಬಂದು ಅವನ ಭುಜ ಮುಟ್ಟಿದಳು. "ಚಳಿಯಾಗ್ತಿದೆಯಾ ಡೆರೆಕ್?"

"ಇಲ್ಲ" ಎಂದ ಅವನು. "ಇಲ್ಲಿ ಬೆಚ್ಚಗಿದೆ."